ಕೇಳಿ ತೆಗೆದುಕೊಂಡ ಅಳತೆ

ಆಂಧ್ರದ ಗಡಿಯೊಳಗೆ, ಕಣೇಕಲ್ಲು ದಾರಿಯ ಒಂದು ಹಳ್ಳಿಯ ಕನ್ನಡ ಶಾಲೆಗೆ ಯೂನಿಫಾರ್ಮಿನ ಅಳತೆ ತೆಗೆದುಕೊಳ್ಳಲು ನಾನು ಹೊರಟದ್ದು ಒಂದು ಸೋಮವಾರ ಬೆಳಿಗ್ಗೆ. ಮಧ್ಯಾಹ್ನದ ಬಸ್ಸಿಗೆ ರಾಯದುರ್ಗಕ್ಕೆ ವಾಪಸು ಬಂದು ಅಂಗಡಿಯಲ್ಲಿ ಕೂರುತ್ತೇನೆ ಎಂದು ಹೆಂಡತಿಗೆ ಹೇಳಿದ್ದೆ. ಮಕ್ಕಳ ಅಳತೆ ಎಂದರೆ ಎಷ್ಟು ಹೊತ್ತಿನ ಕೆಲಸ? ಭುಜ, ತೋಳು, ಎದೆ, ಸೊಂಟ, ಉದ್ದ, ಮುಗಿಯಿತು. ಜೀನ್ಸ್ ಪ್ಯಾಂಟಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನು ನಾನು. ಅಲ್ಲಿ ಒಂದರ ಮೇಲೊಂದು ಹಾಸಿದ ಬಟ್ಟೆಗೆ ಮಿಷನ್ ಕತ್ತರಿ ಇಟ್ಟರೆ ಒಂದು ಊರಿಗಾಗುವಷ್ಟು ಪ್ಯಾಂಟು ಒಟ್ಟಿಗೇ ಬೀಳುತ್ತಿದ್ದವು. ಸೈಜು ಇರುತ್ತಿತ್ತು, ಮನುಷ್ಯ ಇರುತ್ತಿರಲಿಲ್ಲ. ಮನುಷ್ಯರು ಬರುವ ಸ್ವಂತ ಅಂಗಡಿ ತೆರೆದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ.

ಶಾಲೆಯ ಹೆಡ್ ಮಾಸ್ಟರು ಬೆಳುಗುಪ್ಪ ಕಡೆಯವರು. ಸಮಾಧಾನವಾಗಿದ್ದಾಗ ಕನ್ನಡ, ಸಿಟ್ಟು ಬಂದಾಗ ತೆಲುಗು ಮಾತಾಡುವ ಮನುಷ್ಯ. ಬಟ್ಟೆ ಸರ್ಕಾರದಿಂದ ಬಂದಿತ್ತು, ಹೊಲಿಗೆ ನನ್ನದು.

"ಸ್ವಾತಂತ್ರ್ಯ ದಿನಕ್ಕ ಎಲ್ಲಾ ಮಕ್ಳು ಹೊಸಾ ಬಟ್ಟಿ ಹಾಕ್ಕೊಂಡು ಝಂಡಾದ ಮುಂದ ನಿಂದರಬೇಕ್ರಿ ಮಾಸ್ಟರ್. ಮಂಡಲದಿಂದ ಆಫೀಸರ್ ಬರ್ತಾರ. ಒಂದು ತೋಳು ಗಿಡ್ಡ, ಒಂದು ತೋಳು ಉದ್ದ ಆಗಬಾರದು ನೋಡ್ರಿ" ಎಂದರು. ವರಾಂಡದಲ್ಲಿ ಮೇಜು ಹಾಕಿಸಿ, ಅಂಕಿ ಬರೆದುಕೊಳ್ಳಲು ತಾವೇ ಕೂತರು.

ಎಂಟನೇ ತರಗತಿಯ ಹುಡುಗರಿಂದ ಶುರು ಮಾಡಿದೆವು. ನಾನು ಟೇಪು ಹಾಕಿ ಅಂಕಿಯನ್ನು ಜೋರಾಗಿ ಕೂಗುವುದು, ಅವರು ಬರೆದುಕೊಳ್ಳುವುದು. ಹುಡುಗರು ಎದೆ ಉಬ್ಬಿಸಿ, ಉಸಿರು ಕಟ್ಟಿ, ಕಣ್ಣು ಕೆಂಪಗೆ ಮಾಡಿಕೊಂಡು ನಿಂತರು. ಹಿಂದಿನವನಿಗಿಂತ ಅರ್ಧ ಇಂಚು ಹೆಚ್ಚು ಬಂದವನಿಗೆ ಚಪ್ಪಾಳೆ. ಉಸಿರು ಬಿಡೋ ಮಾರಾಯ, ಇಲ್ಲವಾದರೆ ನಿನ್ನ ಶರ್ಟಿನಲ್ಲಿ ಇಬ್ಬರು ಹಿಡಿಸುತ್ತಾರೆ ಎಂದು ನಾನು ತಮಾಷೆ ಮಾಡುತ್ತಾ ಮುಗಿಸಿದೆ.

ಆಮೇಲೆ ಹುಡುಗಿಯರ ಸರದಿ. ಎಲ್ಲರಿಗಿಂತ ಮುಂದೆ ನಿಂತಿದ್ದ ಎತ್ತರದ ಹುಡುಗಿ ಎರಡೂ ಕೈ ಕಟ್ಟಿಕೊಂಡು, "ನಂದು ಬ್ಯಾಡ್ರಿ" ಎಂದಳು. ಯಾಕೆ ಎಂದು ಕೇಳುವಷ್ಟರಲ್ಲಿ ತಿರುಗಿ ತರಗತಿಯೊಳಗೆ ಹೋಗಿಬಿಟ್ಟಳು. ಅವಳ ಹಿಂದಿದ್ದವರೂ ಒಬ್ಬೊಬ್ಬರಾಗಿ ಹೋದರು.

"ನಾಚಿಕಿರಿ. ಆಮ್ಯಾಲ ನೋಡೋಣ. ಸಣ್ಣವರನ್ನ ಮುಗಿಸ್ರಿ" ಎಂದರು ಹೆಡ್ ಮಾಸ್ಟರು.

ಸಣ್ಣವರು ಸುಲಭ ಎಂದುಕೊಂಡು ಒಂದನೇ ತರಗತಿಯ ಮೊದಲ ಹುಡುಗನ ಭುಜ ಹಿಡಿದು ಬೆನ್ನು ಈ ಕಡೆ ಬರುವಂತೆ ತಿರುಗಿಸಿದೆ. ಅವನು ಜಾರಿಕೊಂಡು ಎರಡು ಹೆಜ್ಜೆ ದೂರ ನಿಂತ.

"ನೀ ಕೇಳಲೇ ಇಲ್ಲಲ್ಲ ತಾತ" ಎಂದ.

ತಾತ ಎಂದದ್ದು ಮೊದಲು ಚುಚ್ಚಿತು. ಸಾವರಿಸಿಕೊಂಡು, "ಏನು ಕೇಳಬೇಕಪ್ಪಾ?" ಎಂದೆ.

"ಮುಟ್ಲೇನು ಅಂತ."

"ಆಯ್ತು. ಮುಟ್ಲೇನು?"

ಅವನು ಸ್ವಲ್ಪ ಯೋಚಿಸಿ, "ಬ್ಯಾಡ" ಎಂದ.

ಸಾಲಿನಲ್ಲಿದ್ದ ಮಕ್ಕಳೆಲ್ಲ ನಕ್ಕರು. ಅದರ ನಂತರ ಬ್ಯಾಡ ಎನ್ನುವುದು ಆ ಬೆಳಗಿನ ಆಟವಾಯಿತು. ಮುಟ್ಲೇನು ಎಂದು ನಾನು ಕೇಳುವುದು, ಬ್ಯಾಡ ಎಂದು ಹೇಳಿ ಮಗು ಹಾರುತ್ತಾ ಸಾಲಿನ ಹಿಂದಕ್ಕೆ ಓಡಿ ಮತ್ತೆ ನಿಲ್ಲುವುದು. ಒಬ್ಬ ಹುಡುಗಿ ಮಾತ್ರ "ಹೂಂ" ಎಂದಳು. ನಾನು ಟೇಪು ಬಿಚ್ಚುವಷ್ಟರಲ್ಲಿ ಅಕ್ಕಪಕ್ಕದವರ ಮುಖ ನೋಡಿ, "ಇಲ್ಲ, ಬ್ಯಾಡ" ಎಂದು ತಿದ್ದಿಕೊಂಡಳು.

ಹೆಡ್ ಮಾಸ್ಟರಿಗೆ ತೆಲುಗು ಬಂತು. "ಏಮಮ್ಮಾ ಇದಿ?" ಎಂದು ಒಳಗೆ ನೋಡಿ ಕೂಗಿದರು.

ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಟೀಚರ್ ಹೊರಗೆ ಬಂದರು. ಮಡಕಶಿರಾ ಕಡೆಯ ಹೆಣ್ಣುಮಗಳು, ಅಲ್ಲಿಂದ ವರ್ಗವಾಗಿ ಬಂದವರು. ಅವರ ಕನ್ನಡ ನಮ್ಮ ಕಿವಿಗೆ ಬೇರೆಯಾಗಿಯೇ ಕೇಳುತ್ತಿತ್ತು.

"ಸಿಟ್ಟು ಮಾಡ್ಕಬ್ಯಾಡಿ ಸಾರ್. ನಾನೇ ಕಲಿಸಿರೋದು. ನಿನ್ನ ಮೈ ನಿಂದು, ಮುಟ್ಟೋರು ಕೇಳಿ ಮುಟ್ಟಬೇಕು, ಬ್ಯಾಡ ಅಂದ್ರೆ ಬಿಡಬೇಕು ಅಂತ. ಹೋದ ವಾರ ಪೂರ್ತಿ ಅದೇ ಪಾಠ ಮಾಡಿದೀನಿ."

"ಪಾಠ ಮಾಡ್ರಿ ತಾಯಿ, ಆದ್ರ ಟೈಲರ್ ಬರೋ ವಾರಕ್ಕ ಬ್ಯಾಡಾಗಿತ್ತು" ಎಂದರು ಹೆಡ್ ಮಾಸ್ಟರು.

"ಟೈಲರ್ ಬರೋ ವಾರಕ್ಕೇ ಬೇಕಿತ್ತಲ್ವಾ ಸಾರ್" ಎಂದರು ಟೀಚರ್. ಮೆತ್ತಗೇ ಹೇಳಿದರು. ಹೆಡ್ ಮಾಸ್ಟರು ಪೆನ್ನಿನ ಮುಚ್ಚಳ ಹಾಕಿದರು.

ಆ ದಿನ ದೊಡ್ಡ ಹುಡುಗರ ಅಳತೆ ಬಿಟ್ಟರೆ ಬೇರೇನೂ ಸಿಗದೆ ಬಸ್ಸು ಹತ್ತಿದೆ. ಮಕ್ಕಳ ಮೇಲೆ ಸಿಟ್ಟು, ಟೀಚರ್ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ನಾನೇನು ಕಳ್ಳನೇ? ಟೇಪು ಹಿಡಿದ ಕೈಗೆ ಬೇರೆ ಏನು ಕೆಲಸ ಎಂದು ಕಿಟಕಿಯ ಪಕ್ಕ ಕೂತು ಗೊಣಗುತ್ತಿದ್ದೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಮರುದಿನ ಫೋನು ಮಾಡಿ ಒಂದು ಉಪಾಯ ಹೇಳಿದೆ. ಮಕ್ಕಳನ್ನು ಮುಟ್ಟುವುದೇ ಬೇಡ, ಪ್ರತಿಯೊಬ್ಬರೂ ಸರಿಯಾಗಿ ಹಿಡಿಸುವ ಒಂದು ಹಳೆಯ ಅಂಗಿ ತರಲಿ, ಅದನ್ನು ಮೇಜಿನ ಮೇಲೆ ಹಾಸಿ ಅಳೆದುಕೊಳ್ಳುತ್ತೇನೆ ಎಂದು. ಹೆಡ್ ಮಾಸ್ಟರಿಗೆ ಕನ್ನಡ ವಾಪಸು ಬಂತು. "ಭಾಳ ಛಲೋ ಆತು" ಎಂದರು.

ಬುಧವಾರ ಹೋಗಿ ನೋಡಿದರೆ ಮೇಜಿನ ಮೇಲೆ ಅಂಗಿಯ ಗುಡ್ಡೆ. ಒಬ್ಬ ಅಪ್ಪನ ಶರ್ಟು ತಂದಿದ್ದ.

"ಇದು ನಿನಗೆ ಹಿಡಿಸುತ್ತೇನೋ?" ಎಂದರೆ, "ಹಿಡಸ್ತೈತ್ರಿ, ಉಳೀತೈತಿ ಭಾಳ" ಎಂದ. ದೊಡ್ಡದು ಹೊಲಿಸಿದರೆ ಮೂರು ವರ್ಷ ಬರುತ್ತದೆ ಎಂದು ಅವರ ಅವ್ವ ಹೇಳಿ ಕಳಿಸಿದ್ದರಂತೆ. ಇನ್ನೊಬ್ಬಳು ಹಬ್ಬದ ಫ್ರಾಕು ತಂದು, ಇದಕ್ಕಿರುವ ಹಾಗೆಯೇ ಯೂನಿಫಾರ್ಮಿಗೂ ಕೆಳಗೆ ಜಾಲರಿ ಇಡಬೇಕು ಎಂದಳು. ಕುರಿ ಸಾಕುವ ಮನೆಯ ಹುಡುಗನೊಬ್ಬ ತಂದಿದ್ದ ಅಂಗಿಯ ಬೆನ್ನನ್ನು ಮರಿ ಜಗಿದು ಹಾಕಿತ್ತು. ಬೆನ್ನಿನ ಅಳತೆ ಎಲ್ಲಿಂದ ತೆಗೆಯಲಿ ಎಂದರೆ, ಅಲ್ಲಿ ಎಷ್ಟಿತ್ತು ಅಂತ ಅಂದಾಜು ಮಾಡ್ರಿ ಎಂದ. ಎರಡನೇ ತರಗತಿಯ ಮೂವರು ಒಂದೇ ಅಂಗಿಯನ್ನು ಸರದಿಯ ಮೇಲೆ ತಮ್ಮದೆಂದು ತೋರಿಸಿದರು.

ಆ ಎತ್ತರದ ಹುಡುಗಿ ಅಂದು ಕಾಣಲಿಲ್ಲ. ನಾನೂ ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ.

ಮನೆಯಲ್ಲಿ ನನ್ನ ಕಥೆ ಕೇಳಿ ಹೆಂಡತಿ ನಕ್ಕಳು. ಕಾಜ ಮಾಡುವುದು, ಗುಂಡಿ ಹಚ್ಚುವುದು ಎಲ್ಲ ಅವಳದೇ ಕೆಲಸ. ಕೈ ಚುರುಕು, ಬಾಯಿ ಇನ್ನೂ ಚುರುಕು.

"ಗಂಡಸರು ಹೋಗಿ ನಿಂತ್ರ ಮಕ್ಳು ಅಂಜಲ್ಲೇನ್ರಿ? ನಾ ಬರ್ತೀನಿ ನಡೀರಿ. ಅರ್ಧ ತಾಸಿನ್ಯಾಗ ಮುಗಿಸಿ ತೋರಸ್ತೀನಿ" ಎಂದಳು.

ಗುರುವಾರ ಅವಳನ್ನೂ ಕರೆದುಕೊಂಡು ಹೋದೆ. ನನ್ನ ಹೆಂಡತಿ ಸಂತೆಯಲ್ಲಿ ಬದನೆಕಾಯಿ ಆರಿಸುವುದನ್ನು ನೋಡಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಒಂದನೇ ತರಗತಿಗೆ ನುಗ್ಗಿ ಕೈಗೆ ಸಿಕ್ಕ ಮಗುವನ್ನು ರಟ್ಟೆ ಹಿಡಿದು ಎತ್ತಿ, ತಿರುಗಿಸಿ, ಹಿಂದೆ ಮುಂದೆ ನೋಡಿ, ಟೇಪು ಸುತ್ತಿದಳು. ಅದು ಸೋಮವಾರದ ಅದೇ ಹುಡುಗ.

"ಅಜ್ಜಿ, ನೀನೂ ಕೇಳಲಿಲ್ಲ" ಎಂದ ಅವನು.

ಅವಳ ಕೈ ಅಲ್ಲೇ ನಿಂತಿತು. ಟೇಪನ್ನು ನನ್ನ ಹೆಗಲ ಮೇಲೆ ಹಾಕಿ, "ಅಜ್ಜಿ ಅಂತಾನಲ್ರಿ ಇವನು" ಎಂದಳು. ನಾನು ತಾತ ಎಂದೆನಿಸಿಕೊಂಡದ್ದನ್ನು ಹೇಳಿದಾಗ ನಕ್ಕವಳು ಇವಳೇ. ಅಂದೂ ಅಳತೆ ಸಿಗದೆಯೇ ಬಸ್ಸು ಹತ್ತಿದೆವು. ಊರು ಹತ್ತಿರ ಬಂದಾಗ, "ನನ್ನ ರವಿಕಿ ಅಳತಿ ತಗಳ್ಳುವಾಗ ನೀವು ಯಾವತ್ತಾದ್ರೂ ಕೇಳೀರೇನ್ರಿ?" ಎಂದಳು. ನಾನು ಟಿಕೆಟ್ ಹುಡುಕುವವನಂತೆ ಜೇಬಿಗೆ ಕೈ ಹಾಕಿದೆ.

ಇಲ್ಲಿಯವರೆಗೆ ಇದೊಂದು ತಮಾಷೆಯ ತೊಂದರೆಯಾಗಿತ್ತು. ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಶುಕ್ರವಾರ ಸಂಜೆ ಹಾಗೆಯೇ ಇಬ್ಬರು ಗಿರಾಕಿಗಳಿಗೆ ಹೇಳುತ್ತಿದ್ದಾಗ ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ನಿಂತರು. ಬಳ್ಳಾರಿ ಕಡೆ ಕೂಲಿಗೆ ಹೋಗಿ, ಬಸ್ಸಿಳಿದು ನೇರ ಬಂದವರು. ತಲೆಗೆ ಸುತ್ತಿದ ಬಟ್ಟೆಯನ್ನೂ ಬಿಚ್ಚಿರಲಿಲ್ಲ.

"ಸಾಲಿ ಮಕ್ಳ ಬಟ್ಟಿ ಹೊಲಿಯೋರು ನೀವೇ ಏನ್ರಿ?" ಎಂದರು.

"ಹೌದಮ್ಮ."

"ನನ್ನ ಮಗಳು ಎಂಟನೇತ್ತ ಓದ್ತಾಳ. ನೀವು ಅಳತಿಗಿ ಬಂದ ಮರುದಿನದಿಂದ ಸಾಲಿಗಿ ಹೋಗಿಲ್ಲ. ಏನಾತು ಅಂತ ಕೇಳಾಕ ಬಂದೀನಿ."

ಗಿರಾಕಿಗಳು ನಗುವುದನ್ನು ನಿಲ್ಲಿಸಿದರು. ಇಬ್ಬರೂ ನನ್ನ ಮುಖ ನೋಡಿದರು.

"ಆ ಹುಡುಗಿ ಅಳತಿ ನಾನು ತಗೊಂಡೇ ಇಲ್ಲಮ್ಮ. ಬ್ಯಾಡ ಅಂದಳು, ಬಿಟ್ಟೆ. ಹತ್ತಿರಾನೂ ಹೋಗಿಲ್ಲ."

"ಅಕಿನೂ ಅದನ್ನ ಹೇಳಿದ್ಲ್ರಿ. ಏನೂ ಆಗಿಲ್ಲ ಅಂತಾಳ. ಏನೂ ಆಗದಿದ್ರ ಯಾಕ ಹೋಗವಲ್ಲಳು?"

ಆ ತಾಯಿ ಜಗಳಕ್ಕೆ ಬಂದಿರಲಿಲ್ಲ. ಉತ್ತರ ಕೇಳಲು ಬಂದಿದ್ದರು. ನಾಳೆ ಶಾಲೆಗೆ ಹೋಗಿ ವಿಚಾರಿಸುತ್ತೇನೆ ಎಂದೆ. ಅವರು ಹೋದ ಮೇಲೆ ಗಿರಾಕಿಗಳೂ ಬೇಗ ಎದ್ದರು. ಎದ್ದು ಹೋದ ರೀತಿ ನನಗೆ ಸರಿಬರಲಿಲ್ಲ. ಇವರು ಚಹದಂಗಡಿಗೆ ಹೋಗಿ ಏನು ಹೇಳುತ್ತಾರೆ? ಟೈಲರಿಗೆ ಹೆದರಿ ಒಂದು ಹುಡುಗಿ ಶಾಲೆ ಬಿಟ್ಟಿತಂತೆ ಎಂದರೆ ಮುಗಿಯಿತು, ಇನ್ಯಾರು ಬರುತ್ತಾರೆ ನನ್ನ ಬಾಗಿಲಿಗೆ? ಮೊದಲು ಬಂದದ್ದು ಆ ಯೋಚನೆ. ಆ ಹುಡುಗಿ ಮನೆಯಲ್ಲಿ ಕೂತು ಏನು ಮಾಡುತ್ತಿರಬಹುದು ಎಂಬುದು ಆಮೇಲೆ ಬಂತು.

ಶನಿವಾರ ಬೆಳಿಗ್ಗೆ ಟೇಪು ಜೇಬಿನಲ್ಲಿಟ್ಟುಕೊಂಡು ಹೋದೆ. ಟೀಚರ್ ಆ ಹುಡುಗಿಯ ಮನೆಗೆ ಆಗಲೇ ಒಮ್ಮೆ ಹೋಗಿ ಬಂದಿದ್ದರು. "ಹೊಟ್ಟೆ ನೋವು ಅಂತಾಳೆ ಮಾಸ್ಟ್ರೇ. ಹೊಟ್ಟೆ ನೋವಲ್ಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ಅವಳಾಗೇ ಹೇಳಿದ್ರೆ ಕೇಳಾನ ಅಂತ ಬಿಟ್ಟು ಬಂದೆ" ಎಂದರು.

"ನೀವು ಏನು ಪಾಠ ಮಾಡಿದ್ದೀರಿ ಅಂತ ನಾನೂ ಒಮ್ಮೆ ಕೇಳ್ತೀನ್ರಿ" ಎಂದೆ. ಅವರು ನನ್ನನ್ನು ಸಣ್ಣ ಮಕ್ಕಳ ಬೆಂಚಿನ ಮೇಲೆ ಕೂರಿಸಿದರು. ಮೊಣಕಾಲು ಗದ್ದಕ್ಕೆ ಬಂತು. ದೊಡ್ಡ ತರಗತಿಯವರೂ ಬಂದು ಗೋಡೆಗೆ ಒರಗಿ ಕೂತರು.

ತರಬೇತಿಯಲ್ಲಿ ತಮಗೆ ಎಲ್ಲವನ್ನೂ ತೆಲುಗಿನಲ್ಲಿ ಹೇಳಿಕೊಟ್ಟಿದ್ದರು, ಕನ್ನಡಕ್ಕೆ ತರುವುದೇ ಕಷ್ಟವಾಯಿತು ಎಂದು ಟೀಚರ್ ನನಗೆ ಹೇಳಿದರು. "ಸಮ್ಮತಿ ಅಂದೆ, ಒಬ್ರಿಗೂ ತಿಳೀಲಿಲ್ಲ. ಒಪ್ಪಿಗೆ ಅಂದೆ, ಎಲ್ಲಾ ಬಾಯಿ ಮುಚ್ಕಂಡು ನಕ್ರು. ಇಲ್ಲಿ ಒಪ್ಪಿಗೆ ಅಂದ್ರೆ ಮದುವೆ ಮಾತಂತೆ. ಟೀಚರ್ ಮದುವೆ ಗೊತ್ತಾಗೈತೆ ಅಂತ ಸಂಜೆಯೊಳಗೆ ಊರೆಲ್ಲಾ ಸುದ್ದಿ. ಕೊನೆಗೆ ಕೇಳಿ ಮುಟ್ಟು, ಬ್ಯಾಡ ಅಂದ್ರೆ ಬಿಡು ಅಂತ ಮಾಡಿದೆ."

ಪಾಠ ಆಟದಂತೆಯೇ ಇತ್ತು. ಇಬ್ಬರು ಮಕ್ಕಳು ಎದುರುಬದುರು ನಿಲ್ಲಬೇಕು. ಒಬ್ಬ ಕೇಳಬೇಕು, ಇನ್ನೊಬ್ಬ ಹೂಂ ಎನ್ನಬಹುದು, ಬ್ಯಾಡ ಎನ್ನಬಹುದು. ಹೂಂ ಎಂದವನು ನಡುವೆ ಬ್ಯಾಡ ಎಂದರೂ ಕೈ ತೆಗೆಯಬೇಕು. ಯಾರಾದರೂ ಕೇಳದೆ ಮುಟ್ಟಿ, ಯಾರಿಗೂ ಹೇಳಬೇಡ ಎಂದರೆ, ಮನೆಯಲ್ಲೋ ಶಾಲೆಯಲ್ಲೋ ಹೇಳಲೇಬೇಕು. ಟೀಚರ್ ನಿಧಾನವಾಗಿ ಹೇಳಿದರು. ಆಗ ಯಾರೂ ನಗಲಿಲ್ಲ.

ಒಬ್ಬ ಹುಡುಗ ಎದ್ದು, "ಟೀಚರ್, ಸೂಜಿ ಚುಚ್ಚಾಕ ನರ್ಸಮ್ಮ ಬಂದ್ರ ಬ್ಯಾಡ ಅನ್ನಬಹುದೇನ್ರಿ?" ಎಂದು ಕೇಳಿದ. ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಎಂದು ಮುಖದಲ್ಲೇ ಕಾಣುತ್ತಿತ್ತು.

"ಸೂಜಿ ಬ್ಯಾಡ ಅನ್ನಂಗಿಲ್ಲ, ಅದು ನಿನ್ನ ಜೀವಕ್ಕೆ. ಆದ್ರೆ ಯಾಕೆ ಚುಚ್ತೀರಿ ಅಂತ ಕೇಳಬಹುದು, ಯಾವ ಕೈಗೆ ಅಂತ ನೀನೇ ಹೇಳಬಹುದು, ಅವ್ವನ್ನ ಪಕ್ಕದಾಗೆ ನಿಲ್ಲಿಸ್ಕಬಹುದು" ಎಂದರು ಟೀಚರ್. ಹುಡುಗ ನಿರಾಸೆಯಿಂದ ಕೂತ.

ಅಷ್ಟರಲ್ಲಿ ನನಗೂ ಒಂದು ಆಸೆ ಹುಟ್ಟಿತು. ಟೇಪನ್ನು ಮೇಜಿನ ಮೇಲಿಟ್ಟು, "ಮೊದಲು ನೀವೇ ನನ್ನ ಅಳತಿ ತಗೋರಿ" ಎಂದೆ.

ಒಂದನೇ ತರಗತಿಯ ಆ ಹುಡುಗನೇ ಎಲ್ಲರಿಗಿಂತ ಮೊದಲು ಬಂದ. "ತಾತ, ನಿನ್ನ ಹೊಟ್ಟಿ ಅಳೀಲೇನು?" ಎಂದು ಕೇಳಿದ. ಭುಜದಿಂದ ಶುರು ಮಾಡುವುದು ಕ್ರಮ, ಆದರೆ ಅಳೆಯಲು ಅವನಿಗೆ ಅತಿ ದೊಡ್ಡದಾಗಿ ಕಂಡದ್ದು ಅದೇ. ಹೂಂ ಎಂದೆ. ಅವನ ಎರಡು ಕೈ ಸುತ್ತಲೂ ಎಟುಕದೆ ಇನ್ನಿಬ್ಬರು ಸೇರಿದರು. ಟೇಪು ಹಿಡಿದುಕೊಂಡು ನನ್ನ ಸುತ್ತ ಓಡಿದರು. ಸಣ್ಣ ತಣ್ಣನೆಯ ಬೆರಳುಗಳು ಸೊಂಟಕ್ಕೆ ತಾಗಿದಾಗ ನನಗೆ ಅರಿವಿಲ್ಲದೆ ಉಸಿರು ಒಳಗೆ ಹೋಯಿತು.

"ಒಳಗ ಎಳಕೊಂಡಾನ, ಬಿಡಾಕ ಹೇಳು" ಎಂದಳು ಒಬ್ಬಳು.

ಬಿಟ್ಟೆ. ಓದಲು ಬರುವ ಹುಡುಗನೊಬ್ಬ ಟೇಪಿಗೆ ಮೂಗು ತಾಗಿಸಿ ನೋಡಿ, ಹಳ್ಳಿಗೆಲ್ಲ ಕೇಳುವಂತೆ ಕೂಗಿದ: "ನಲವತ್ನಾಕು."

ತರಗತಿ ತರಗತಿಯೇ ನಕ್ಕಿತು. ಕಿಟಕಿಯಲ್ಲಿ ನೋಡುತ್ತಿದ್ದ ಹೆಡ್ ಮಾಸ್ಟರು ಸರಳು ಹಿಡಿದುಕೊಂಡು ನಕ್ಕರು. ಹುಡುಗಿಯೊಬ್ಬಳು ಅವರ ಕಡೆ ತಿರುಗಿ, "ಸಾರ್, ನಿಮ್ದೂ ತಗೊಳ್ಳೇನ್ರಿ?" ಎಂದಳು.

"ಬ್ಯಾಡ" ಎಂದರು ಹೆಡ್ ಮಾಸ್ಟರು, ಒಂದು ಕ್ಷಣವೂ ತಡಮಾಡದೆ.

"ಬ್ಯಾಡ ಅಂದ್ರೆ?" ಎಂದು ಟೀಚರ್ ಮಕ್ಕಳನ್ನು ಕೇಳಿದರು.

"ಬಿಡಬೇಕ್ರಿ" ಎಂದು ಮಕ್ಕಳು ಒಂದೇ ದನಿಯಲ್ಲಿ ಹೇಳಿದರು. ಹೆಡ್ ಮಾಸ್ಟರು ಹೊಟ್ಟೆಯ ಮೇಲೆ ಅಂಗಿ ಸರಿಮಾಡಿಕೊಂಡು ಆಫೀಸಿಗೆ ನಡೆದರು. ಆ ದಿನದಿಂದ ಅವರು ಪಾಠದ ವಿರುದ್ಧ ಮಾತಾಡಿದ್ದನ್ನು ನಾನು ಕೇಳಲಿಲ್ಲ.

ಆಟ ಮುಗಿದು ಹೊರಗೆ ಬಂದೆ. ಬೋರ್‌ವೆಲ್ ಹತ್ತಿರ ನೀರು ಕುಡಿಯುತ್ತಿದ್ದ ಹುಡುಗರು, "ನಲವತ್ನಾಕು ತಾತ ಬಂದ" ಎಂದರು. ಊಟದ ಸಾಲಿನಲ್ಲಿ ಮತ್ತೊಬ್ಬ, "ನಲವತ್ನಾಕಿಗೆ ಎರಡು ಸೌಟು ಹಾಕ್ರಿ" ಎಂದ. ಮೊದಲ ಸಲ ನಕ್ಕೆ, ಎರಡನೇ ಸಲ ನಕ್ಕಂತೆ ಮಾಡಿದೆ, ಮೂರನೇ ಸಲ ಅನ್ನ ಸಪ್ಪೆಯಾಯಿತು. ಐವತ್ತು ದಾಟಿದ ಗಂಡಸು, ಊರಿಗೆಲ್ಲ ಕಾಣುವ ಹೊಟ್ಟೆ. ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಆದರೂ ತಟ್ಟೆ ಹಿಡಿದುಕೊಂಡು ಗೋಡೆಯ ಮರೆಗೆ ಹೋಗಿ ಕೂತೆ.

ಅಲ್ಲಿಗೆ ಎಂಟನೇ ತರಗತಿಯ ಒಬ್ಬ ಹುಡುಗಿ ಬಂದಳು. ಟೀಚರನ್ನೂ ಜೊತೆಗೆ ಕರೆತಂದಿದ್ದಳು. ನನ್ನೆದುರು ನಿಂತು, "ಅಕಿ ಬರದಿರೋದು ಅದಕ್ಕ್ರಿ" ಎಂದಳು.

"ಯಾವುದಕ್ಕಮ್ಮ?"

"ನಿಮಗ ಈಗ ಅಂದ್ರಲ್ರಿ, ಹಂಗ. ಹೋದ ವರ್ಷ ಬ್ಯಾರೆ ಟೈಲರ್ ಬಂದಿದ್ರು. ವರಾಂಡದಾಗ ನಿಂತು ಅಕಿ ಅಳತಿ ಜೋರಾಗಿ ಕೂಗಿದ್ರು. ಅವತ್ತಿಂದ ಹುಡುಗರು ಅಕಿ ಹೆಸರು ಹಿಡಿದು ಕರೆಯಲ್ರಿ. ಆ ಅಂಕಿ ಹಿಡಿದೇ ಕರೀತಾರ. ಸೋಮವಾರ ನೀವೂ ಕೂಗಾಕ ಹತ್ತಿದ್ರಿ."

ಆ ಅಂಕಿಯನ್ನೂ ಅವಳು ಹೇಳಿದಳು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ.

ಟೀಚರ್ ಮುಖ ಸಣ್ಣದಾಯಿತು. "ದಿನಾ ಕೇಳಿದೀನಿ ಆ ಅಂಕಿನ. ಲೆಕ್ಕದ ಆಟ ಏನೋ ಅಂತ ಅಂದ್ಕಂಡಿದ್ದೆ" ಎಂದರು.

ಮುಟ್ಟುವುದೊಂದೇ ವಿಷಯ ಎಂದು ನಾವೆಲ್ಲ ತಿಳಿದಿದ್ದೆವು. ಒಬ್ಬರ ಮೈಯ ಬಗ್ಗೆ ನಾಲ್ಕು ಜನರ ಮುಂದೆ ಕೂಗಿ ಹೇಳುವುದಕ್ಕೂ ಅವರನ್ನು ಕೇಳಬೇಕು ಎಂಬುದು ನನಗೂ ಹೊಳೆದಿರಲಿಲ್ಲ, ಪಾಠದಲ್ಲೂ ಇರಲಿಲ್ಲ. ಮಧ್ಯಾಹ್ನ ಟೀಚರ್ ಎಂಟನೇ ತರಗತಿಯ ಹುಡುಗರನ್ನು ಕೂರಿಸಿಕೊಂಡು ಬಾಗಿಲು ಹಾಕಿದರು. ಏನು ಹೇಳಿದರೋ ಗೊತ್ತಿಲ್ಲ. ಹೊರಗೆ ಬಂದವರು ಬಹಳ ಹೊತ್ತು ತಮ್ಮ ಕಾಲುಗಳನ್ನೇ ನೋಡುತ್ತಿದ್ದರು.

ನಾನು ಬಸ್ಸಿನಲ್ಲಿ ಒಂದು ತೀರ್ಮಾನಕ್ಕೆ ಬಂದೆ. ದೊಡ್ಡ ಹುಡುಗಿಯರ ಅಳತೆಯಲ್ಲಿ ಅಂಕಿಯೇ ಇರಬಾರದು. ಕಟಿಂಗ್‌ಗೆ ಬೇಕಾದ್ದು ಉದ್ದ, ಅಂಕಿಯಲ್ಲ. ಬಟ್ಟೆಯ ಥಾನಿನ ಅಂಚಿನಲ್ಲಿ ಕತ್ತರಿಸಿ ಎಸೆಯುವ ಉದ್ದುದ್ದ ಪಟ್ಟಿಗಳು ನನ್ನಲ್ಲಿ ಚೀಲದ ತುಂಬ ಇದ್ದವು, ಗಟ್ಟಿ ಅಂಚು, ಎಳೆದರೆ ಜಗ್ಗದು. ಒಬ್ಬೊಬ್ಬ ಹುಡುಗಿಗೆ ಆ ಪಟ್ಟಿ ಕೊಡುವುದು. ಬಾಗಿಲು ಹಾಕಿಕೊಂಡು, ತನಗೆ ಬೇಕಾದ ಗೆಳತಿಯ ಸಹಾಯದಿಂದ, ಅಂಗಿಯ ಮೇಲೆಯೇ ಪಟ್ಟಿ ಸುತ್ತಿ, ಎಷ್ಟು ಬೇಕೋ ಅಷ್ಟಕ್ಕೆ ಕತ್ತರಿಸುವುದು. ಭುಜದ ಪಟ್ಟಿಗೆ ಕತ್ತರಿಯ ಒಂದು ಕಚ್ಚು, ತೋಳಿನದಕ್ಕೆ ಎರಡು, ಹೀಗೆ ಗುರುತು. ಎಲ್ಲವನ್ನೂ ಸೇರಿಸಿ ತನಗಿಷ್ಟವಾದ ಬಣ್ಣದ ದಾರದಿಂದ ಕಟ್ಟಿ ಕೊಟ್ಟರೆ, ನಾನು ಆ ಪಟ್ಟಿಯನ್ನೇ ಬಟ್ಟೆಯ ಮೇಲಿಟ್ಟು, ಲೂಸು ಬಿಟ್ಟು ಕತ್ತರಿಸುತ್ತೇನೆ. ಇಂಚಿನ ಲೆಕ್ಕ ಯಾರ ಬಾಯಿಗೂ ಬರುವುದಿಲ್ಲ.

ಹೆಂಡತಿಗೆ ಹೇಳಿದೆ. ಅವಳು ಕೇಳಿಸಿಕೊಂಡು, "ಇದನ್ನ ಆ ಹುಡುಗಿಗಿ ನಾನು ಹೇಳ್ಲೇನ್ರಿ? ಮನಿಗಿ ಹೋಗಿ" ಎಂದಳು. ಭಾನುವಾರ ಟೀಚರ್ ಜೊತೆ ಅವಳೂ ಹೋದಳು. ಬಾಗಿಲಲ್ಲಿ ನಿಂತು, ಒಳಗೆ ಬರಲೇ ಎಂದು ಮೊದಲು ಕೇಳಿದಳಂತೆ. ಆ ಹುಡುಗಿ ಪಟ್ಟಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದನ್ನ ನೋಡಿದ್ರ ಯಾರಿಗೂ ಏನೂ ತಿಳಿಯಲ್ಲೇನ್ರಿ?" ಎಂದಳಂತೆ.

"ನನ್ನ ಗಂಡಗ ಬಿಟ್ರ ಯಾರಿಗೂ ಇಲ್ಲ. ಅವರಿಗೂ ಬಟ್ಟಿ ಎಲ್ಲಿ ಕತ್ತರಿಸಬೇಕು ಅನ್ನೋದಷ್ಟ ತಿಳೀತೈತಿ" ಎಂದು ಇವಳು ಹೇಳಿದಳಂತೆ.

ಸೋಮವಾರ ಆ ಹುಡುಗಿ ಶಾಲೆಗೆ ಬಂದಳು. ಬಾಗಿಲು ಹಾಕಿದ ತರಗತಿಯಲ್ಲಿ ಹುಡುಗಿಯರು, ಟೀಚರ್, ನನ್ನ ಹೆಂಡತಿ. ಒಳಗಿನಿಂದ ನಗು ಕೇಳುತ್ತಿತ್ತು. ಹೊರಗೆ ವರಾಂಡದಲ್ಲಿ ನಾನು ಸಣ್ಣವರ ಜೊತೆ. ಈಗ ನಾನು ಕೇಳುವ ರೀತಿ ಬದಲಾಗಿತ್ತು. ಮುಟ್ಲೇನು ಎಂದು ಸುಮ್ಮನೆ ಕೇಳುವುದಿಲ್ಲ. ಟೇಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ನನ್ನ ಮೈಮೇಲೆ ತೋರಿಸುತ್ತೇನೆ, ಯಾಕೆ ಬೇಕು ಎಂದು ಹೇಳುತ್ತೇನೆ, ಒಂದು ತುದಿಯನ್ನು ಮಗುವಿನ ಕೈಗೇ ಕೊಡುತ್ತೇನೆ. ಅಂಕಿಯನ್ನು ಕೂಗದೆ ಟೇಪಿನ ಮೇಲೆ ಬೆರಳಿಟ್ಟು ಹೆಡ್ ಮಾಸ್ಟರಿಗೆ ತೋರಿಸುತ್ತೇನೆ. ಯಾಕೆ ಎಂದು ತಿಳಿದ ಮೇಲೆ ಬ್ಯಾಡ ಎನ್ನುವವರು ಬಹಳ ಕಡಿಮೆಯಾದರು. ಮೊದಲ ದಿನದ ಹುಡುಗ ಮಾತ್ರ ಷರತ್ತು ಹಾಕಿದ.

"ಹೂಂ, ಆದ್ರ ಬಗಲಾಗ ಬ್ಯಾಡ. ಕಚಗುಳಿ ಆಗ್ತೈತಿ."

ಕೊನೆಗೂ ಅವನ ಬ್ಯಾಡದ ಕಾರಣ ತಿಳಿಯಿತು. ಬಗಲಿನ ಕೆಳಗೆ ಅವನೇ ಟೇಪು ತೂರಿಸಿಕೊಂಡ. ತೂರಿಸಿಕೊಳ್ಳುತ್ತಾ ತಾನೇ ನಕ್ಕು ನೆಲದ ಮೇಲೆ ಕೂತ. ಅವನೊಬ್ಬನ ಅಳತೆಗೆ ಹಿಡಿದ ಹೊತ್ತಿನಲ್ಲಿ ಕಾರ್ಖಾನೆಯಲ್ಲಿ ನಾನು ನೂರಾರು ಪ್ಯಾಂಟು ಕತ್ತರಿಸಿರುತ್ತಿದ್ದೆ.

ಹೊಲಿಗೆಯ ದಿನಗಳಲ್ಲೂ ಅಡ್ಡಿ ಇಲ್ಲದೆ ಇರಲಿಲ್ಲ. ನೀಲಿ ದಾರದಿಂದ ಬಿಗಿದಿದ್ದ ಪಟ್ಟಿಗಳ ಒಂದು ಕಟ್ಟು ಕಾಣೆಯಾಯಿತು. ಅಂಗಡಿಯೆಲ್ಲ ತಡಕಿ, ಕೊನೆಗೆ ಊಟಕ್ಕೆ ಕೂತಾಗ ನೋಡಿದರೆ ನನ್ನ ಡಬ್ಬಿಯ ಮುಚ್ಚಳ ಜಾರದಂತೆ ಆ ಪಟ್ಟಿಯನ್ನೇ ಬಿಗಿದಿದ್ದಾಳೆ ಹೆಂಡತಿ. ಸಾರಿನಲ್ಲಿ ನೆನೆದು ಅದು ಅರಿಶಿನ ಬಣ್ಣಕ್ಕೆ ತಿರುಗಿತ್ತು. ಒಣಗಿದ ಮೇಲೆ ಕುಗ್ಗಿರಬಹುದು ಎಂದು ಆ ಕಟ್ಟು ಕೊಟ್ಟಿದ್ದ ಹುಡುಗಿಯಿಂದ ಮತ್ತೊಮ್ಮೆ ಪಟ್ಟಿ ತರಿಸಿಕೊಳ್ಳಬೇಕಾಯಿತು. ಕೇಳಲು ಹೋದವಳು ಹೆಂಡತಿಯೇ.

ಸ್ವಾತಂತ್ರ್ಯ ದಿನಕ್ಕೆ ಎರಡು ದಿನ ಮೊದಲು ಬಟ್ಟೆಯ ಮೂಟೆ ಆಟೋದಲ್ಲಿ ಹಾಕಿಕೊಂಡು, ಕೈಮಿಷನ್ ಜೊತೆಗಿಟ್ಟುಕೊಂಡು ಹೋದೆ. ಹಾಕಿ ನೋಡಲಿ, ತಿದ್ದುವುದಿದ್ದರೆ ಅಲ್ಲೇ ತಿದ್ದೋಣ ಎಂದು. ಅಪ್ಪನ ಶರ್ಟು ತಂದಿದ್ದ ಹುಡುಗನಿಗೆ ಬಟ್ಟೆ ಸರಿಯಾಗಿ ಹಿಡಿಸಿತು, ಅವನ ಅವ್ವನಿಗೆ ಬೇಸರವಾಯಿತು. ಜಾಲರಿ ಕೇಳಿದ್ದವಳು ಒಳಗೆ ಹೊರಗೆ ಎಲ್ಲ ಹುಡುಕಿ, ನನ್ನನ್ನು ಒಮ್ಮೆ ನೋಡಿ ಹೋದಳು. ಒಂದಿಬ್ಬರ ಪ್ಯಾಂಟಿನ ಮಡಿಕೆ ಬಿಚ್ಚಿದೆ.

ಕೊನೆಯಲ್ಲಿ ಆ ಎತ್ತರದ ಹುಡುಗಿ ಒಳಗೆ ಹೋಗಿ ಹೊಸ ಚೂಡಿದಾರ್ ಹಾಕಿಕೊಂಡು ಬಂದಳು. ಮಿಷನ್ ಹತ್ತಿರ ನಿಂತು, "ಭುಜದಾಗ ಸ್ವಲ್ಪ ಬಿಗಿ ಆಗ್ತೈತ್ರಿ" ಎಂದಳು. ನನ್ನ ಜೊತೆ ಅವಳು ಆಡಿದ ಎರಡನೇ ಮಾತು ಅದು.

"ನೋಡ್ಲೇನಮ್ಮ?" ಎಂದೆ.

"ಬ್ಯಾಡ್ರಿ. ನಾನ ಗುರುತು ಹಾಕಿ ಕೊಡ್ತೀನಿ" ಎಂದು ಕೈ ಚಾಚಿದಳು.

ಗುರುತು ಹಾಕುವ ಚಪ್ಪಟೆ ಸುಣ್ಣದ ಬಿಲ್ಲೆಯನ್ನು ಅವಳ ಕೈಗೆ ಕೊಟ್ಟೆ. ಒಳಗೆ ಹೋಗಿ, ಗೆಳತಿಯಿಂದ ಭುಜದ ಮೇಲೆ ಗೆರೆ ಹಾಕಿಸಿಕೊಂಡು, ಬಟ್ಟೆ ಬದಲಿಸಿ ತಂದು ಮೇಜಿನ ಮೇಲಿಟ್ಟಳು. ಎರಡೂ ಭುಜಕ್ಕೆ ನೇರವಾದ ಬಿಳಿ ಗೆರೆ. ಅಷ್ಟು ಬಿಡಬೇಕಾಗಿಲ್ಲ, ಕಾಲು ಇಂಚು ಹೆಚ್ಚಾಯಿತು ಎಂದು ನನಗನಿಸಿತು. ಹೇಳಬೇಕೆಂದು ಬಾಯಿಯವರೆಗೂ ಬಂತು. ಹಾಕಿಕೊಳ್ಳುವವಳು ಅವಳು ಎಂದು ನುಂಗಿಕೊಂಡೆ. ಹೊಲಿಗೆ ಬಿಚ್ಚಿ, ಅವಳು ಎಳೆದ ಗೆರೆಯ ಮೇಲೆಯೇ ಮಿಷನ್ ಓಡಿಸಿ ಕೊಟ್ಟೆ.

ಹಾಕಿಕೊಂಡು ಹೊರಗೆ ಬಂದವಳು ವರಾಂಡದ ನಡುವೆ ನಿಂತು ಎರಡೂ ತೋಳನ್ನು ಮೇಲೆತ್ತಿದಳು, ಮುಂದಕ್ಕೆ ಚಾಚಿದಳು, ಇಳಿಸಿದಳು. ಎಂಟನೇ ತರಗತಿಯ ಹುಡುಗರು ಕಂಬದ ಹತ್ತಿರವೇ ಇದ್ದರು. ಅವರಲ್ಲೊಬ್ಬ ಅವಳ ಹೆಸರು ಹಿಡಿದು ಕರೆದು, ತಾಲೀಮಿನ ಸಾಲಿನಲ್ಲಿ ನಿಲ್ಲಲು ಟೀಚರ್ ಕರೆಯುತ್ತಿದ್ದಾರೆ ಎಂದ.

"ಬಂದೆ ಇರು" ಎಂದಳು ಅವನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಈಗ ಸರಿ ಆತ್ರಿ" ಎಂದು ಹೇಳಿ ಹೋದಳು.